ಫಿಟ್ ಸರ್ಟಿಫಿಕೇಟ್ ಸಿಕ್ಕ ಮರುದಿನ: ಪೀಣ್ಯದ ಒಂದು ಪ್ರೆಸ್ ಶಾಪ್ ಪ್ರಕರಣ

ಪೀಣ್ಯ, ರಾಜಗೋಪಾಲನಗರ, ಲಗ್ಗೆರೆ ಕಡೆ ಓಡಾಡುವವರಿಗೆ ಇದು ಹೊಸದಲ್ಲ. ಟೀ ಅಂಗಡಿಯಲ್ಲಿ ಗ್ಲಾಸ್ ಹಿಡಿದ ಕೈ ನೋಡಿದರೆ ಒಂದು ಬೆರಳು ಗಿಡ್ಡ, ಇನ್ನೊಂದು ಇಲ್ಲವೇ ಇಲ್ಲ. ಏನಾಯ್ತು ಅಂತ ಕೇಳಿದರೆ 'ಪ್ರೆಸ್ಸು' ಅಂತ ಒಂದೇ ಮಾತು. ಗಾಯವಾದಾಗ ಏನು ಸಿಗುತ್ತದೆ ಅನ್ನುವುದು ಇವರಲ್ಲಿ ಬಹಳ ಜನರಿಗೆ ಅಲ್ಪಸ್ವಲ್ಪ ಗೊತ್ತಿರುತ್ತದೆ. ವಾಸಿಯಾಗಿ ವಾಪಸ್ ಹೋದಾಗ ಏನು ಮಾಡಬೇಕು ಅನ್ನುವುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನಾನು ಕಾರ್ಮಿಕರಿಗೆ ಅರ್ಜಿ, ಉತ್ತರ, ದೂರು ಬರೆದುಕೊಡುವ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವ ಗಾಯದ ಕೇಸುಗಳಲ್ಲಿ ಜಾಸ್ತಿ ಕೆಡುವುದು ಇಲ್ಲೇ. ಹಾಸಿಗೆಯಲ್ಲಿ ಇರುವಷ್ಟು ದಿನ ಕಾನೂನು ಜೊತೆಗಿರುತ್ತದೆ. ಡಾಕ್ಟರ್ 'ಫಿಟ್' ಅಂತ ಬರೆದ ಮರುದಿನದಿಂದ ಅದು ಬಹಳ ತೆಳ್ಳಗಾಗುತ್ತದೆ.

ಒಂದು ಪ್ರಕರಣವನ್ನು ಪೂರ್ತಿ ಹೇಳುತ್ತೇನೆ. 2022ರಲ್ಲಿ ಶುರುವಾದದ್ದು. ಹುಡುಗನ ಹೆಸರು ಬೇಡ, ಮಂಜು ಅಂತಿಟ್ಟುಕೊಳ್ಳಿ. ಶಿರಾ ಕಡೆಯವನು, ಆಗ 27 ವರ್ಷ. ಕಂಪನಿ ಹೆಸರೂ ಬೇಡ, ಗಾಡಿಗಳಿಗೆ ಬ್ರಾಕೆಟ್ ಒತ್ತಿಕೊಡುವ ಸಣ್ಣ ಕಾರ್ಖಾನೆ ಅಂದರೆ ಸಾಕು. ಲೆಕ್ಕ ಸುಲಭ ಆಗಲಿ ಅಂತ ಸಂಬಳವನ್ನು ತಿಂಗಳಿಗೆ 15,000, ಅಂದರೆ ದಿನಕ್ಕೆ 500 ರೂಪಾಯಿ ಅಂತ ದುಂಡು ಮಾಡಿದ್ದೇನೆ.

ಅವತ್ತು ಆಗಿದ್ದು

ಮಂಜು ಕಾಂಟ್ರಾಕ್ಟರ್ ಕಡೆಯಿಂದ ಬಂದ ಆಪರೇಟರ್. ಪವರ್ ಪ್ರೆಸ್, ಅಂದರೆ ತಗಡನ್ನು ಅಚ್ಚಿನಲ್ಲಿ (ಅದಕ್ಕೆ ಡೈ ಅನ್ನುತ್ತಾರೆ) ಇಟ್ಟು ಒತ್ತುವ ಮೆಷಿನ್, ಅದರ ಮೇಲೆ ಕೆಲಸ. ಆ ಮೆಷಿನ್‌ಗೆ ಎರಡು ಬಟನ್ ಇರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು, ಆಗ ಎರಡೂ ಕೈ ಡೈಯಿಂದ ಹೊರಗಿರುತ್ತವೆ, ಅದೇ ಅದರ ಉದ್ದೇಶ. ಇಲ್ಲಿ ಎರಡೂ ಬಟನ್ ಸುಮ್ನೆ ಶೋಗೆ ಇದ್ದವು. ಕಾಲಿನ ಪೆಡಲ್ ಹಾಕಿದ್ದರು, ಯಾಕಂದರೆ ಪೆಡಲ್‌ನಲ್ಲಿ ಗಂಟೆಗೆ ಪೀಸ್ ಜಾಸ್ತಿ ಬರುತ್ತದೆ. ಸೂಪರ್‌ವೈಸರ್‌ಗೂ ಗೊತ್ತು, ಮಾಲೀಕರಿಗೂ ಗೊತ್ತು. ಸೆಕೆಂಡ್ ಶಿಫ್ಟ್‌ನಲ್ಲಿ ಡೈ ಒಳಗೆ ಸಿಕ್ಕಿಕೊಂಡ ತಗಡಿನ ಚೂರನ್ನು ತೆಗೆಯಲು ಬಲಗೈ ಹಾಕಿದ್ದಾನೆ. ಕಾಲು ಪೆಡಲ್ ಮೇಲೆ ಇರಲಿಲ್ಲ. ಪ್ರೆಸ್ ತಾನಾಗೇ ಇನ್ನೊಂದು ಸಲ ಇಳಿದಿದೆ. ಕ್ಲಚ್ ಸವೆದ ಹಳೇ ಪ್ರೆಸ್‌ಗಳಲ್ಲಿ ಹೀಗಾಗುತ್ತದೆ, 'ಡಬಲ್ ಹೊಡೀತು' ಅನ್ನುತ್ತಾರೆ. ತೋರುಬೆರಳಿನ ಎರಡು ಗೆಣ್ಣು, ನಡುಬೆರಳಿನ ಒಂದು ಗೆಣ್ಣು ಹೋದವು.

ಬನಿಯನ್ ವೇಸ್ಟ್ ಸುತ್ತಿ, ಕಂಪನಿ ವ್ಯಾನಿನಲ್ಲಿ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಯಾರ ಮೇಲೂ ಆಕ್ಷೇಪ ಇಲ್ಲ, ರಕ್ತ ಸುರಿಯುವಾಗ ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಆಮೇಲೆ ಸೂಪರ್‌ವೈಸರ್ ಕಿವಿಯಲ್ಲಿ ಹೇಳಿದ್ದು ಇದು: "ನೋಡು ಮಂಜು, ಇಎಸ್‌ಐ ಅಂದ್ರೆ ಅಲ್ಲಿ ಲೈನಲ್ಲಿ ನಿಲ್ಲಿಸ್ತಾರೆ. ಖರ್ಚೆಲ್ಲ ನಾವೇ ನೋಡ್ಕೋತೀವಿ. ಬೈಕ್ ಚೈನ್‌ಗೆ ಸಿಕ್ತು ಅಂತ ಬರೆಸು, ಇಲ್ಲಾಂದ್ರೆ ಪೊಲೀಸು ಗಿಲೀಸು ಅಂತ ನಿನಗೇ ತಲೆನೋವು."

ನೋವಲ್ಲಿರುವವನು ಏನು ಮಾಡುತ್ತಾನೆ? ತಲೆ ಅಲ್ಲಾಡಿಸಿದ. ಕೇಸ್ ಶೀಟಿನಲ್ಲಿ 'ಮನೆಯಲ್ಲಿ ಬೈಕ್ ಚೈನ್' ಅಂತ ಬಿತ್ತು.

ಈ ಒಂದು ಸಾಲು ಹಾಗೇ ಉಳಿದಿದ್ದರೆ ಮುಂದಿನದೆಲ್ಲ ಇರುತ್ತಲೇ ಇರಲಿಲ್ಲ. ಇಎಸ್‌ಐ ಅಂದರೆ ನೌಕರರ ರಾಜ್ಯ ವಿಮೆ, ಕಾರ್ಮಿಕನೂ ಕಂಪನಿಯೂ ತಿಂಗಳು ತಿಂಗಳು ಕಂತು ಕಟ್ಟುವ ಯೋಜನೆ. ಮನೆಯಲ್ಲಿ ಆದ ಗಾಯಕ್ಕೆ ಇಎಸ್‌ಐನಲ್ಲಿ ಸಿಗುವುದು ಕಾಯಿಲೆ ಭತ್ಯೆ: ಸಂಬಳದ ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ, ಅದೂ ಹಿಂದಿನ ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ಕಟ್ಟಿದ್ದರೆ ಮಾತ್ರ. ಕೆಲಸದಲ್ಲಿ ಆದ ಗಾಯಕ್ಕೆ ಶೇ. 90, ವಾಸಿಯಾಗುವವರೆಗೂ. ಎಷ್ಟು ದಿನ ಕಂತು ಕಟ್ಟಿದ್ದೀರಿ ಅನ್ನುವ ಪ್ರಶ್ನೆಯೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ. ಬೆರಳು ಹೋಗಿದ್ದಕ್ಕೆ ಜೀವನಪೂರ್ತಿ ಪಿಂಚಣಿ ಬೇರೆ. ಬೈಕ್ ಚೈನ್ ಅಂತ ಬರೆದರೆ ಅದೂ ಹೋಯಿತು.

ಮಂಜುವಿನ ಅದೃಷ್ಟ, ಅವನ ಭಾವ ಇನ್ನೊಂದು ಕಾರ್ಖಾನೆಯಲ್ಲಿ ಯೂನಿಯನ್ ಇದ್ದ ಕಾಲದಲ್ಲಿ ಕೆಲಸ ಮಾಡಿದವರು. ಮರುದಿನ ಬೆಳಿಗ್ಗೆ ಬಂದು ಕೇಸ್ ಶೀಟ್ ನೋಡಿದವರೇ ಡ್ಯೂಟಿ ಡಾಕ್ಟರ್ ಹತ್ತಿರ ಹೋಗಿ, ಇದು ಪ್ರೆಸ್‌ನಲ್ಲಿ ಆಗಿದ್ದು, ನಿನ್ನೆ ರೋಗಿ ಗಾಬರಿಯಲ್ಲಿ ತಪ್ಪು ಹೇಳಿದ್ದಾನೆ ಅಂತ ಬರವಣಿಗೆಯಲ್ಲಿ ಕೊಟ್ಟು, ಮೆಡಿಕೋ ಲೀಗಲ್ ಕೇಸ್, ಅಂದರೆ ಪೊಲೀಸರಿಗೂ ತಿಳಿಸುವ ಕೇಸ್ ಅಂತ ದಾಖಲು ಮಾಡಿಸಿದರು. ನರ್ಸಿಂಗ್ ಹೋಮ್‌ನವರು ಮುಖ ಗಂಟು ಹಾಕಿಕೊಂಡರೂ ಬರೆದುಕೊಂಡರು. ಮರುದಿನವೇ ಸರಿಪಡಿಸಿದ್ದರಿಂದ ನಂಬುವ ಹಾಗಿತ್ತು. ಮೂರು ತಿಂಗಳ ಮೇಲೆ ಹೋಗಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಕಾಗದ ಹುಟ್ಟಿದ್ದು

ಕಂಪನಿ ಅಪಘಾತವನ್ನು ಅಪಘಾತ ಪುಸ್ತಕದಲ್ಲಿ ಬರೆದು, ಅಪಘಾತದ ವರದಿಯಾದ ಫಾರ್ಮ್ 12ನ್ನು ಇಎಸ್‌ಐಗೆ ಕಳಿಸಬೇಕು. ಬೆರಳು ಹೋದಂಥ ದೊಡ್ಡ ಗಾಯವಾದರೆ ತಕ್ಷಣವೇ ಕಳಿಸಬೇಕು. ಗಾಯಗೊಂಡವನು 48 ಗಂಟೆಗಿಂತ ಜಾಸ್ತಿ ಕೆಲಸ ಮಾಡಲಾಗದಿದ್ದರೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್‌ಗೂ ತಿಳಿಸಬೇಕು. ಎರಡೂ ಆಗಲಿಲ್ಲ. ಕೇಳಿದರೆ ಕಂಪನಿ ಕಾಂಟ್ರಾಕ್ಟರ್ ಕಡೆ ತೋರಿಸಿತು, ಕಾಂಟ್ರಾಕ್ಟರ್ ಕಂಪನಿ ಕಡೆ ತೋರಿಸಿದ. ಇಎಸ್‌ಐ ಕಾನೂನಿನಲ್ಲಿ ಈ ಆಟಕ್ಕೆ ಜಾಗವಿಲ್ಲ. ಕಾಂಟ್ರಾಕ್ಟರ್ ಕಡೆಯವನಾದರೂ ಕಂತಿನ ಜವಾಬ್ದಾರಿ ಮೊದಲು ಮೂಲ ಮಾಲೀಕನದೇ, ಅವನು ಆಮೇಲೆ ಕಾಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ.

ಎಲ್ಲರಿಗೂ ಗೊತ್ತಿಲ್ಲದ ವಿಷಯ ಒಂದಿದೆ. ಅಪಘಾತದ ನೋಟಿಸನ್ನು ಕಾರ್ಮಿಕನೇ ಕೊಡಬಹುದು, ಅವನ ಪರವಾಗಿ ಬೇರೆಯವರೂ ಕೊಡಬಹುದು. ಭಾವ ಒಂದು ಪುಟದ ಕಾಗದ ಬರೆಸಿದರು. ತಾರೀಖು, ಸಮಯ, ಮೆಷಿನ್ ನಂಬರ್, ಯಾವ ಬೆರಳು, ಆಗ ಹತ್ತಿರ ಯಾರಿದ್ದರು, ಯಾವ ಆಸ್ಪತ್ರೆ. ಅಷ್ಟೇ. ಯಾರನ್ನೂ ಬೈದಿರಲಿಲ್ಲ. ಒಂದು ಪ್ರತಿ ಕಂಪನಿಗೆ, ಒಂದು ಕಾಂಟ್ರಾಕ್ಟರ್‌ಗೆ, ಒಂದು ಇಎಸ್‌ಐ ಬ್ರಾಂಚ್ ಆಫೀಸಿಗೆ. ಎಲ್ಲವೂ ಅಕ್ನಾಲೆಜ್‌ಮೆಂಟ್ ಇರುವ ಪೋಸ್ಟಿನಲ್ಲಿ. ಜೊತೆಗೆ ಸಂಬಳದ ಸ್ಲಿಪ್ಪಿನ ಜೆರಾಕ್ಸ್, ಅದರಲ್ಲಿ ಇಎಸ್‌ಐ ಅಂತ 113 ರೂಪಾಯಿ ಕಡಿತ. 15,000ಕ್ಕೆ ಶೇ. 0.75, ಅದೇ ಲೆಕ್ಕ. ಕಂಪನಿ ಪಾಲು ಶೇ. 3.25. ಈ 113 ರೂಪಾಯಿ ತೋರಿಸುವ ಸ್ಲಿಪ್ ಇಲ್ಲದಿದ್ದರೆ 'ಇವನು ನಮ್ಮವನೇ ಅಲ್ಲ' ಅನ್ನುವುದು ಎಷ್ಟು ಸುಲಭ ಅಂತ ಯೋಚಿಸಿ.

ಪೋಸ್ಟ್ ಕಂಪನಿಗೆ ತಲುಪಿ ಸ್ವಲ್ಪ ದಿನಕ್ಕೆ ಫಾರ್ಮ್ 12 ಹೋಯಿತು. ತಡವಾಗಿ ಹೋಯಿತು, ಆದರೂ ಹೋಯಿತು. ಅದರಲ್ಲಿ ಕಂಪನಿ ತನ್ನ ಜಾಣತನ ತೋರಿಸಿತ್ತು: 'ಕಾರ್ಮಿಕನು ಸುರಕ್ಷತಾ ಸೂಚನೆ ಪಾಲಿಸದೆ ಕೈ ಹಾಕಿದ್ದರಿಂದ.' ಮಂಜು ಇದನ್ನು ಓದಿ ಕುಸಿದುಬಿಟ್ಟ. ಕೇಸ್ ಹೋಯಿತು ಅಂದುಕೊಂಡ. ಹೋಗುವುದಿಲ್ಲ. ಇಎಸ್‌ಐನಲ್ಲಿ ತಪ್ಪು ಯಾರದು ಅನ್ನುವುದರ ಮೇಲೆ ಭತ್ಯೆ ನಿಲ್ಲುವುದಿಲ್ಲ. ಮಾಲೀಕನ ಸೂಚನೆ ಮೀರಿ ಮಾಡಿದ ಕೆಲಸವಾದರೂ, ಅದು ಮಾಲೀಕನ ಕೆಲಸಕ್ಕಾಗಿಯೇ ಮಾಡಿದ್ದಾದರೆ ಕೆಲಸದಲ್ಲಾದ ಗಾಯವೇ. ಸೆಕ್ಷನ್ 51ಬಿ ಇರುವುದೇ ಇದಕ್ಕೆ. ಡೈಯಿಂದ ಚೂರು ತೆಗೆದದ್ದು ಅವನ ಮನೆಗಲ್ಲ ತಾನೇ?

ಇನ್ನೊಂದು ಸಂಗತಿ ಇಲ್ಲಿ ಹೇಳಬೇಕು, ಮಂಜುವಿಗೆ ಆಗಿದ್ದಲ್ಲ, ಆದರೆ ಪದೇ ಪದೇ ಕಾಣುವುದು. ಗಾಯವಾದ ದಿನವೇ ಓಡಿ ಹೋಗಿ ಇಎಸ್‌ಐ ನಂಬರ್ ಮಾಡಿಸುವ ಕಂಪನಿಗಳಿವೆ. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ಗುರುಗ್ರಾಮ, ಮಾನೇಸರ್ ಕಡೆಯ ಗಾಯಾಳುಗಳನ್ನು ಮಾತಾಡಿಸಿದಾಗ, ಬಹಳ ಜನರ ಕೈಗೆ ಇಎಸ್‌ಐ ಕಾರ್ಡ್ ಸಿಕ್ಕಿದ್ದೇ ಅಪಘಾತದ ಮೇಲೆ ಅಂತ ಕಂಡುಬಂದಿತ್ತು. ಇಲ್ಲೂ ಕತೆ ಬೇರೆ ಇಲ್ಲ. ಕಂಪನಿ ಕಂತು ಕಟ್ಟಿರದಿದ್ದರೂ ಕಾರ್ಮಿಕನ ಹಕ್ಕು ಸಾಯುವುದಿಲ್ಲ. ಇಎಸ್‌ಐ ಕೊಟ್ಟು ಕಂಪನಿಯಿಂದ ವಸೂಲಿ ಮಾಡಲು ಸೆಕ್ಷನ್ 68 ಇದೆ. ಆದರೆ ಅದು ಓಡಾಟದ ದಾರಿ. ನಂಬರ್ ಇದೆಯಾ, ಕಂತು ಬೀಳುತ್ತಿದೆಯಾ ಅಂತ ಇಎಸ್‌ಐ ವೆಬ್‌ಸೈಟಿನಲ್ಲಿ ಇವತ್ತೇ ನೋಡಿಕೊಳ್ಳಬಹುದು, ಕೈ ಕಾಲು ನೆಟ್ಟಗಿರುವಾಗಲೇ.

ರಜೆಯಲ್ಲಿದ್ದಾಗ ಬಂದ ನೋಟಿಸ್

ಹೊಲಿಗೆ ಬಿಚ್ಚಿದ ಮೇಲೆ ಮಂಜುವನ್ನು ಇಎಸ್‌ಐ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಇನ್ನೊಂದು ಸಣ್ಣ ಆಪರೇಷನ್, ಆಮೇಲೆ ಫಿಸಿಯೋಥೆರಪಿ. ಚಿಕಿತ್ಸೆಗೆ ಒಂದು ರೂಪಾಯಿ ಕೊಡಲಿಲ್ಲ. ಕಾಯಿಸಿದ್ದು ಹೌದು, ಸೂಪರ್‌ವೈಸರ್ ಹೇಳಿದ ಲೈನು ಇದ್ದದ್ದೂ ಹೌದು. ದಿನಕ್ಕೆ 450 ರೂಪಾಯಿ ಲೆಕ್ಕದಲ್ಲಿ ಭತ್ಯೆ ನೇರ ಬ್ಯಾಂಕ್ ಖಾತೆಗೆ ಬಂತು. ಮೊದಲ ವಾರಗಳು ಖಾಸಗಿ ಆಸ್ಪತ್ರೆಯಲ್ಲಿ ಕಳೆದಿದ್ದರಿಂದ ಆ ದಿನಗಳ ಇಎಸ್‌ಐ ಸರ್ಟಿಫಿಕೇಟ್ ಇರಲಿಲ್ಲ. ನರ್ಸಿಂಗ್ ಹೋಮ್‌ನ ಡಿಸ್ಚಾರ್ಜ್ ಕಾಗದ ತೋರಿಸಿ, ಅದನ್ನೇ ಪುರಾವೆ ಅಂತ ಒಪ್ಪಿಕೊಳ್ಳಿ ಅಂತ ಅರ್ಜಿ ಹಾಕಿದ ಮೇಲೆ ಒಪ್ಪಿದರು.

ಅಷ್ಟರಲ್ಲಿ ಮನೆಗೆ ಒಂದು ನೋಟಿಸ್ ಬಂತು. 'ನೀವು ಅನುಮತಿ ಇಲ್ಲದೆ ಗೈರುಹಾಜರಾಗಿದ್ದೀರಿ, ಇಷ್ಟು ದಿನದೊಳಗೆ ಹಾಜರಾಗದಿದ್ದರೆ ನೀವಾಗಿ ಕೆಲಸ ಬಿಟ್ಟಿದ್ದೀರಿ ಎಂದು ಭಾವಿಸಲಾಗುವುದು.' ಕಂಪನಿ ವ್ಯಾನಿನಲ್ಲೇ ಆಸ್ಪತ್ರೆಗೆ ಹೋದವನಿಗೆ ಗೈರುಹಾಜರಿ ನೋಟಿಸ್!

ಇದನ್ನು ನೋಡಿ ನಗು ಬರಬಹುದು, ಆದರೆ ನಗುವ ಕಾಗದ ಅಲ್ಲ. ಇದರ ಹಿಂದೆ ಹಳೇ ಲೆಕ್ಕಾಚಾರವಿದೆ. ಇಎಸ್‌ಐ ಕಾಯ್ದೆಯ ಸೆಕ್ಷನ್ 73 ಹೇಳುವುದು ಏನೆಂದರೆ, ತಾತ್ಕಾಲಿಕ ಅಂಗವೈಕಲ್ಯದ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕ ಆ ಕಾರ್ಮಿಕನನ್ನು ತೆಗೆಯುವಂತಿಲ್ಲ, ಶಿಕ್ಷಿಸುವಂತಿಲ್ಲ, ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಬೆಲೆಯೇ ಇಲ್ಲ. ಕೇಳಲು ಗಟ್ಟಿಯಾಗಿದೆ ಅಲ್ವಾ? ಆದರೆ 'ನಾವು ತೆಗೆದಿಲ್ಲ, ಅವನೇ ಬಿಟ್ಟುಹೋದ' ಅಂದುಬಿಟ್ಟರೆ? 1960ರ ದಶಕದಲ್ಲೇ ಮದ್ರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಕಂಪನಿಯ ಪ್ರಕರಣದಲ್ಲಿ ಇದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ರಜೆ ಮೇಲೆ ಊರಿಗೆ ಹೋದ ಕಾರ್ಮಿಕ ಹೇಳಿದ ದಿನಕ್ಕೆ ಬರಲಿಲ್ಲ, ಆಮೇಲೆ ಕಾಯಿಲೆ ಸರ್ಟಿಫಿಕೇಟ್ ತಂದ. ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಂಪನಿಯ ಸೇವಾ ನಿಯಮದ ಪ್ರಕಾರ ಅವನು ತಾನಾಗೇ ಕೆಲಸ ಬಿಟ್ಟಂತೆ, ಸೆಕ್ಷನ್ 73 ಇಲ್ಲಿ ಅಡ್ಡ ಬರುವುದಿಲ್ಲ ಅಂತ ಕೋರ್ಟ್ ಕಂಪನಿ ಪರ ಹೇಳಿತು. ಮಾಲೀಕರ ವಕೀಲರು ಈ ತೀರ್ಪನ್ನು ಮರೆತಿಲ್ಲ.

1993ರಲ್ಲಿ ಡಿ. ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದೊಡ್ಡ ತಡೆ ಹಾಕಿತು. ಅಲ್ಲಿಯೂ ಎಂಟು ದಿನ ಗೈರಾದರೆ ಕೆಲಸ ತಾನಾಗೇ ಹೋಗುತ್ತದೆ ಎಂಬ ನಿಯಮ ಇತ್ತು. ಕಾರ್ಮಿಕ ಹೇಳಿದ್ದು, ನಾನು ಗೈರಾಗಿಲ್ಲ, ಗೇಟಿನಲ್ಲೇ ನನ್ನನ್ನು ತಡೆದರು ಅಂತ. ವಿಚಾರಣೆ ಇಲ್ಲದೆ, ಅವನ ಮಾತು ಕೇಳದೆ ಹೀಗೆ ಹೆಸರು ತೆಗೆಯುವುದು ನಡೆಯುವುದಿಲ್ಲ ಅಂತ ಹೇಳಿ ಕೋರ್ಟ್ ಅವನನ್ನು ವಾಪಸ್ ಸೇರಿಸಿತು, ಹಿಂದಿನ ಸಂಬಳದ ಅರ್ಧ ಕೊಡಿಸಿತು. ಆದರೂ ನೋಡಿ, ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆಲ್ಲುವುದಕ್ಕಿಂತ ನೋಟಿಸಿಗೆ ಅವತ್ತೇ ಉತ್ತರ ಕೊಡುವುದು ಸುಲಭ.

ಇಲ್ಲೇ ಬಹಳ ಜನ ಎಡವುವುದು. ಪ್ರತಿ ವಾರ ಇಎಸ್‌ಐ ಡಾಕ್ಟರ್ ಕೊಟ್ಟ ಸರ್ಟಿಫಿಕೇಟನ್ನು ಬ್ರಾಂಚ್ ಆಫೀಸಿಗೆ ಕೊಡುತ್ತಾರೆ, ದುಡ್ಡು ಬರುತ್ತದೆ, ನೆಮ್ಮದಿ. ಕಂಪನಿಗೆ ಒಂದು ಮಾತು ತಿಳಿಸಿರುವುದಿಲ್ಲ. ಇಎಸ್‌ಐಗೆ ಗೊತ್ತಾದರೆ ಕಂಪನಿಗೂ ಗೊತ್ತಾದಂತೆ ಅಂದುಕೊಂಡಿರುತ್ತಾರೆ. ಅದು ಬೇರೆ, ಇದು ಬೇರೆ. ಮಂಜುವಿನಿಂದ ಪ್ರತಿ ಸರ್ಟಿಫಿಕೇಟಿನ ಫೋಟೋವನ್ನು ಎಚ್‌ಆರ್ ಮೇಡಂ ವಾಟ್ಸಾಪ್‌ಗೂ ಕಂಪನಿ ಇಮೇಲ್‌ಗೂ ಹಾಕಿಸಿದೆವು. ನೋಟಿಸಿಗೆ ಉತ್ತರ ನಾಲ್ಕೇ ಸಾಲು: ಇಂಥ ದಿನ ನಿಮ್ಮ ಕಾರ್ಖಾನೆಯಲ್ಲಿ ಗಾಯವಾಯಿತು, ನೀವೇ ಫಾರ್ಮ್ 12 ಕೊಟ್ಟಿದ್ದೀರಿ, ಭತ್ಯೆ ಪಡೆಯುತ್ತಿದ್ದೇನೆ, ಸರ್ಟಿಫಿಕೇಟುಗಳು ಲಗತ್ತಿಸಿವೆ, ಫಿಟ್ ಆದ ದಿನ ಕೆಲಸಕ್ಕೆ ಬರುತ್ತೇನೆ. ಕೊನೇ ಮಾತು ಮುಖ್ಯ. ಕೆಲಸ ಬೇಕು ಅಂತ ಅವನು ಹೇಳಿದ ದಾಖಲೆ ಅದು.

ಗೇಟಿನ ದಿನ

ಸುಮಾರು ಮೂರು ತಿಂಗಳ ಮೇಲೆ ಫೈನಲ್ ಸರ್ಟಿಫಿಕೇಟ್ ಬಂತು. ಅವತ್ತಿಗೆ ದಿನದ 450 ನಿಂತಿತು. ಸೆಕ್ಷನ್ 73ರ ಕವಚವೂ ನಿಂತಿತು. ಮರುದಿನ ಬೆಳಿಗ್ಗೆ ಶಿಫ್ಟಿಗೆ ಹೋದರೆ ಸೆಕ್ಯುರಿಟಿಯವರು, ಪಾಪ ಅವರೂ ಕಾಂಟ್ರಾಕ್ಟ್ ಜನವೇ, "ಅಣ್ಣಾ, ನಿಮ್ಮನ್ನ ಒಳಗ್ ಬಿಡಬೇಡಿ ಅಂದವ್ರೆ" ಅಂದರು. ಎಚ್‌ಆರ್ ಫೋನಿನಲ್ಲಿ "ಮುಂದಿನ ವಾರ ಬಾ, ನೋಡೋಣ" ಅಂದರು. ಆ ಮುಂದಿನ ವಾರ ಸುಮ್ನೆ ಮನೆಯಲ್ಲಿ ಕೂತಿದ್ದರೆ ಅದೇ ಗೈರುಹಾಜರಿ ಆಗುತ್ತಿತ್ತು.

ಮಂಜು ಗೇಟಿನಿಂದಲೇ ಮೆಸೇಜ್ ಹಾಕಿದ. 'ಮೇಡಂ, ಇವತ್ತು ಬೆಳಿಗ್ಗೆ 6ಕ್ಕೆ ಫಿಟ್‌ನೆಸ್ ಸರ್ಟಿಫಿಕೇಟ್ ತಗೊಂಡು ಡ್ಯೂಟಿಗೆ ಬಂದಿದ್ದೇನೆ. ಸೆಕ್ಯುರಿಟಿ ಒಳಗೆ ಬಿಡಲಿಲ್ಲ. ಯಾವಾಗ ಬರಬೇಕು ತಿಳಿಸಿ.' ಜೊತೆಗೆ ಸರ್ಟಿಫಿಕೇಟಿನ ಫೋಟೋ. ಮಾರನೇ ದಿನ ಭಾವನನ್ನು ಕರೆದುಕೊಂಡು ಮತ್ತೆ ಹೋದ, ಮತ್ತೆ ಅದೇ ಮೆಸೇಜ್. ಎರಡು ನೀಲಿ ಟಿಕ್ ಬಿದ್ದವು, ಉತ್ತರ ಬರಲಿಲ್ಲ. ಆಮೇಲೆ ಇದನ್ನೇ ಕಾಗದದಲ್ಲಿ ಬರೆದು ಕಂಪನಿಗೆ ಪೋಸ್ಟ್, ಒಂದು ಪ್ರತಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಲೇಬರ್ ಆಫೀಸಿಗೆ.

ಆಗ ಕಾಂಟ್ರಾಕ್ಟರ್ ಮನೆಗೇ ಬಂದ. ಬಾಳೆಹಣ್ಣು, ಸೇಬು ತಂದಿದ್ದ. "ನೋಡಪ್ಪ, ಈ ಕೈಯಲ್ಲಿ ಇನ್ನೇನು ಪ್ರೆಸ್ ಹೊಡೀತೀಯ. 50 ಸಾವಿರ ಕೊಡ್ತೀವಿ, ಇಲ್ಲೊಂದು ಸೈನ್ ಹಾಕು, ಊರಲ್ಲಿ ಒಂದು ಅಂಗಡಿ ಇಟ್ಕೋ." ಕಾಗದದಲ್ಲಿ ಎರಡು ವಿಷಯ ಇತ್ತು. ಒಂದು, ಸ್ವಇಚ್ಛೆಯಿಂದ ರಾಜೀನಾಮೆ. ಎರಡು, 'ಗಾಯಕ್ಕೆ ಸಂಬಂಧಿಸಿದ ಎಲ್ಲಾ ಪರಿಹಾರ ಪೂರ್ತಿ ಮುಟ್ಟಿದೆ.' ಬಾಡಿಗೆ ಬಾಕಿ ಇದ್ದ ಹೊತ್ತು. ಮಂಜುವಿನ ಅಮ್ಮನಿಗೆ ಆ ದುಡ್ಡು ದೊಡ್ಡದಾಗಿಯೇ ಕಂಡಿತು, ತಪ್ಪೇನಿಲ್ಲ.

ಅವರ ಮುಂದೆ ಕೂತು ಹಾಕಿದ ಲೆಕ್ಕ ಇಷ್ಟು. ಇಎಸ್‌ಐ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟ ಅಂತ ತೋರುಬೆರಳಿನ ಎರಡು ಗೆಣ್ಣಿಗೆ ಶೇ. 11, ನಡುಬೆರಳಿನ ಒಂದು ಗೆಣ್ಣಿಗೆ ಶೇ. 7. ಒಟ್ಟು ಶೇ. 18. ದಿನದ 450ರಲ್ಲಿ ಶೇ. 18 ಅಂದರೆ 81 ರೂಪಾಯಿ, 30 ದಿನಕ್ಕೆ 2,430. ಇದು ಬದುಕಿರುವವರೆಗೂ ಬರುತ್ತದೆ. ಬೇರೆ ಕೆಲಸಕ್ಕೆ ಸೇರಿ ಜಾಸ್ತಿ ಸಂಬಳ ತಗೊಂಡರೂ ಬರುತ್ತದೆ. ಕಾಂಟ್ರಾಕ್ಟರ್ ಕೊಡುವ 50 ಸಾವಿರ 21 ತಿಂಗಳ ಪಿಂಚಣಿಗೆ ಸಮ ಇಲ್ಲ. ಮಂಜುವಿಗೆ ವಯಸ್ಸು 27. ರಾಜೀನಾಮೆ ಕೊಟ್ಟರೂ ಇಎಸ್‌ಐ ಪಿಂಚಣಿ ಹೋಗುವುದಿಲ್ಲ, ಅದು ಕಂಪನಿ ಕೊಡುವ ದಾನ ಅಲ್ಲವಲ್ಲ. ಆದರೆ ಕೆಲಸ ಹೋಗುತ್ತದೆ. ಅದಕ್ಕೇ ಆ ಹಣ್ಣಿನ ಬುಟ್ಟಿ.

ಇದೇ ಗಾಯ ಇಎಸ್‌ಐ ಇಲ್ಲದವನಿಗೆ ಆಗಿದ್ದರೆ, ಉದಾಹರಣೆಗೆ ಸಂಬಳ 21,000ದ ಮಿತಿ ದಾಟಿದವನಿಗೆ, ದಾರಿ ಬೇರೆ. ಆಗ 1923ರ ನೌಕರರ ಪರಿಹಾರ ಕಾಯ್ದೆ. ಸಂಬಳ ಎಷ್ಟೇ ಇದ್ದರೂ ಲೆಕ್ಕಕ್ಕೆ 15,000 ಮಾತ್ರ ಹಿಡಿಯುತ್ತಿದ್ದರು. ಅದರ ಶೇ. 60, ಅಂದರೆ 9,000. ಇದನ್ನು 27 ವಯಸ್ಸಿನ ಗುಣಕ 213.57ರಿಂದ ಗುಣಿಸಿ, ಬಂದದ್ದರಲ್ಲಿ ಶೇ. 18 ಎಷ್ಟು ಅಂತ ನೋಡಿದರೆ 3,45,983 ರೂಪಾಯಿ, ಒಂದೇ ಸಲ, ಮಾಲೀಕನ ಜೇಬಿನಿಂದ. ಇಎಸ್‌ಐ ಇರುವವನಿಗೆ ಇದು ಸಿಗುವುದಿಲ್ಲ, ಎರಡೂ ಕೇಳುವಂತಿಲ್ಲ ಅಂತ ಸೆಕ್ಷನ್ 53 ಸ್ಪಷ್ಟವಾಗಿ ಹೇಳುತ್ತದೆ. ಆ ಮೊತ್ತ ಮಂಜುವಿನ ಪಿಂಚಣಿಯ ಹನ್ನೆರಡು ವರ್ಷಕ್ಕೆ ಸ್ವಲ್ಪ ಕಮ್ಮಿ ಆಗುತ್ತದೆ. ಆದ್ದರಿಂದ 'ಇಎಸ್‌ಐ ಇದ್ದದ್ದೇ ನಷ್ಟ' ಅನ್ನುವವರ ಮಾತು ವಯಸ್ಸಿನ ಹುಡುಗರ ಮಟ್ಟಿಗೆ ಸರಿಯಲ್ಲ. 55ರವರ ಮಟ್ಟಿಗೆ ಬೇರೆ ಲೆಕ್ಕ.

ಸೈನ್ ಹಾಕಲಿಲ್ಲ.

ಲೇಬರ್ ಆಫೀಸಿನಲ್ಲಿ

ಮೊದಲ ಸಲ ಕಂಪನಿಯವರು ಬರಲೇ ಇಲ್ಲ. ಎರಡನೇ ಸಲ ಎಚ್‌ಆರ್ ಜೊತೆ ಒಬ್ಬ ವಕೀಲರೂ ಬಂದರು. ಅವರ ವಾದ ಪೂರಾ ಹುಸಿ ಏನಲ್ಲ, ಅದನ್ನು ಹೇಳಲೇಬೇಕು. ಖಾಸಗಿ ಕಂಪನಿಯಲ್ಲಿ ಗಾಯವಾದವನಿಗೆ ಹಗುರ ಕೆಲಸ ಕೊಡಲೇಬೇಕು ಅಂತ ನೇರವಾಗಿ ಹೇಳುವ ಕಾನೂನು ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20ರಲ್ಲಿ ಇದೆ: ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಹಾಕಬೇಕು, ಹುದ್ದೆ ಇಲ್ಲದಿದ್ದರೆ ಸೃಷ್ಟಿಸಬೇಕು. ಆದರೆ ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಸಾರಿಗೆ ನಿಗಮದ ಡ್ರೈವರ್‌ಗೆ ಸಿಗುವ ರಕ್ಷಣೆ ಪೀಣ್ಯದ ಪ್ರೆಸ್ ಆಪರೇಟರ್‌ಗೆ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸರ್ಕಾರಿ ಮೆಷಿನ್ನಿಗೂ ಖಾಸಗಿ ಮೆಷಿನ್ನಿಗೂ ಬೆರಳು ಒಂದೇ. ಸಾಲದ್ದಕ್ಕೆ, ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಮುಂದುವರಿದ ಅನಾರೋಗ್ಯ'ದ ಕಾರಣಕ್ಕೆ ತೆಗೆದರೆ ಅದು ರಿಟ್ರೆಂಚ್‌ಮೆಂಟ್ (ನೋಟಿಸ್, ಪರಿಹಾರ ಕೊಟ್ಟು ಮಾಡಬೇಕಾದ ಕೆಲಸ ಕಡಿತ) ಅಲ್ಲ ಎಂಬ ವಿನಾಯಿತಿ ಬೇರೆ ಇತ್ತು.

ವಕೀಲರು ಅದನ್ನೇ ಹಿಡಿದರು. ಮಂಜು ಪರ ಇದ್ದ ಉತ್ತರ ಅವನ ಜೇಬಿನಲ್ಲೇ ಇತ್ತು. ಡಾಕ್ಟರ್ 'ಫಿಟ್' ಅಂತ ಬರೆದಿದ್ದಾರೆ. ಅನಾರೋಗ್ಯ ಎಲ್ಲಿ ಮುಂದುವರಿದಿದೆ? ಬಂದವನನ್ನು ಗೇಟಿನಲ್ಲಿ ನಿಲ್ಲಿಸಿದವರು ನೀವು, ಇಗೋ ಮೆಸೇಜ್. ಗೈರು ಅಂತ ಹೇಳುವಂತಿಲ್ಲ. ತೆಗೆದಿದ್ದೀರಾದರೆ ವಿಚಾರಣೆ ಎಲ್ಲಿ, ನೋಟಿಸ್ ಎಲ್ಲಿ? ಪ್ರೆಸ್ ಮೇಲೆ ಪೆಡಲ್ ಹಾಕಿದ್ದು ಯಾರು ಅನ್ನುವ ಪ್ರಶ್ನೆಯನ್ನು ಅಲ್ಲಿ ನಾವು ಎತ್ತಲಿಲ್ಲ. ಎತ್ತಬಹುದು ಅನ್ನುವುದು ಎಚ್‌ಆರ್‌ಗೆ ಅರ್ಥವಾಗಿತ್ತು, ಅಪಾಯದ ಭಾಗಕ್ಕೆ ಗಾರ್ಡ್ ಇಡಬೇಕಾದದ್ದು ಫ್ಯಾಕ್ಟರಿ ಕಾಯ್ದೆಯ ಸೆಕ್ಷನ್ 21, ಅದು ಇನ್‌ಸ್ಪೆಕ್ಟರ್ ವ್ಯವಹಾರ. ಇಲ್ಲಿ ಮುಗಿಯದಿದ್ದರೆ ಲೇಬರ್ ಕೋರ್ಟ್, ಅಲ್ಲಿಗೆ ಕರ್ನಾಟಕದಲ್ಲಿ ಕಾರ್ಮಿಕ ಆರು ತಿಂಗಳೊಳಗೆ ನೇರವಾಗಿ ಹೋಗುವ ಅವಕಾಶವೂ ಇತ್ತು.

ಮೂರನೇ ಭೇಟಿಯಲ್ಲಿ ಒಪ್ಪಂದ ಆಯಿತು. ಪ್ರೆಸ್ ಬೇಡ, ಕ್ವಾಲಿಟಿ ಚೆಕಿಂಗ್ ಟೇಬಲ್. ಅದೇ ಸಂಬಳ, ಹಳೇ ಸೇರಿದ ತಾರೀಖು. ಗೇಟಿನಲ್ಲಿ ನಿಂತ ದಿನಗಳಿಗೆ ಸಂಬಳ ಕೊಡಲಿಲ್ಲ, ಕೊಡಿಸಲು ಆಗಲಿಲ್ಲ. ಪೀಸ್ ಲೆಕ್ಕದ ಇನ್ಸೆಂಟಿವ್ ಬಗ್ಗೆ ಒಪ್ಪಂದದಲ್ಲಿ ಒಂದು ಸಾಲೂ ಬರಲಿಲ್ಲ. ಪೂರ್ತಿ ಗೆಲುವು ಅಂತ ನಾನು ಹೇಳುವುದಿಲ್ಲ. ಆದರೆ ಸೇವೆ ಮುರಿಯಲಿಲ್ಲ. ಗ್ರಾಚ್ಯುಟಿ ಲೆಕ್ಕಕ್ಕೆ ಅದು ದೊಡ್ಡದು.

ಬೋರ್ಡು ಮತ್ತು ಬೋನಸ್ಸು

ವಾಪಸ್ ಸೇರಿದ ಮೇಲೆ, ನಷ್ಟ ಶೇಕಡಾ ಎಷ್ಟು ಅಂತ ತೀರ್ಮಾನಿಸುವ ಇಎಸ್‌ಐ ಮೆಡಿಕಲ್ ಬೋರ್ಡಿನ ದಿನ ಬಂತು. ಡಾಕ್ಟರುಗಳು ಕೈ ನೋಡಿ, ಮುಷ್ಟಿ ಹಿಡಿಸಿ, ಪೆನ್ ಹಿಡಿಸಿ ನೋಡಿದರು. ಶೇ. 18 ಅಂತಲೇ ಬರೆದರು. ಕಮ್ಮಿ ಬರೆದಿದ್ದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಿತ್ತು. ಈ ಶೇ. 18ಕ್ಕೂ ಅಂಗವಿಕಲರ ಕಾರ್ಡಿಗೆ ಬೇಕಾದ ಶೇ. 40ಕ್ಕೂ ಸಂಬಂಧವಿಲ್ಲ. ಮೊದಲನೆಯದು ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವ ಲೆಕ್ಕ, ಅದನ್ನು ಹಿಡಿದು ಇನ್ನೊಂದಕ್ಕೆ ಹೋಗಿ ಬೈಸಿಕೊಂಡು ಬಂದವರು ಇದ್ದಾರೆ. ಪಿಂಚಣಿ ಶುರುವಾಗಿದೆ. ಆಗಾಗ ಲೈಫ್ ಸರ್ಟಿಫಿಕೇಟ್ ಕೊಡಬೇಕು, ಮರೆತರೆ ನಿಲ್ಲುತ್ತದೆ.

ಪಿಂಚಣಿ ಬರುತ್ತದೆ ಅಂತ ಗೊತ್ತಾದ ತಕ್ಷಣ ಸೂಪರ್‌ವೈಸರ್ "ಇನ್ನೇನಪ್ಪ, ಗೌರ್ಮೆಂಟ್ ದುಡ್ಡು, ಇಲ್ಲಿ ಸಂಬಳ ಸ್ವಲ್ಪ ಕಮ್ಮಿ ಆದ್ರೂ ನಡೀತದೆ" ಅಂದರಂತೆ. ಹಾಗೆ ಕಳೆಯಲು ಬರುವುದಿಲ್ಲ. ಪಿಂಚಣಿ ಹೋದ ಬೆರಳಿಗೆ, ಸಂಬಳ ಮಾಡಿದ ಕೆಲಸಕ್ಕೆ.

ಆಯುಧಪೂಜೆಗೆ ಮುಂಚೆ ಬೋನಸ್ ಪಟ್ಟಿ ಬಂದಾಗ ಇನ್ನೊಂದು ಎಡವಟ್ಟು. ರಜೆಯಲ್ಲಿದ್ದ ಮೂರು ತಿಂಗಳನ್ನು ಕಳೆದು ಲೆಕ್ಕ ಹಾಕಿದ್ದರು. ಬೋನಸ್ ಕಾಯ್ದೆಯ ಸೆಕ್ಷನ್ 14 ಪ್ರಕಾರ ಕೆಲಸದಲ್ಲಾದ ಅಪಘಾತದಿಂದ ಗೈರಾದ ದಿನಗಳನ್ನೂ ಕೆಲಸ ಮಾಡಿದ ದಿನ ಅಂತಲೇ ಎಣಿಸಬೇಕು. ಇದು ಎಚ್‌ಆರ್ ಮೇಡಂಗೆ ನಿಜಕ್ಕೂ ಗೊತ್ತಿರಲಿಲ್ಲ ಅನ್ನಿಸುತ್ತದೆ, ತೋರಿಸಿದ ಮೇಲೆ ತಕರಾರಿಲ್ಲದೆ ಸರಿಮಾಡಿದರು. ಎಲ್ಲವೂ ಕೆಟ್ಟ ಉದ್ದೇಶದಿಂದಲೇ ಆಗುವುದಿಲ್ಲ. ಅರ್ನ್ಡ್ ಲೀವ್ ವಿಷಯದಲ್ಲಿ ಮಾತ್ರ ಮಂಜುವಿಗೆ ಹಿನ್ನಡೆ, ವರ್ಷಕ್ಕೆ 240 ದಿನ ಕೆಲಸ ಮಾಡಿರಬೇಕು ಅನ್ನುವ ಫ್ಯಾಕ್ಟರಿ ಕಾಯ್ದೆಯ ಲೆಕ್ಕದಲ್ಲಿ ಈ ರಜೆಗೆ ಜಾಗ ಕೊಟ್ಟಿಲ್ಲ.

ಮೇಲೆ ಹೇಳಿದ ಸೆಕ್ಷನ್‌ಗಳೆಲ್ಲ ಆಗಿನ ಕಾಯ್ದೆಗಳವು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಇಎಸ್‌ಐ, ನೌಕರರ ಪರಿಹಾರ, ಗ್ರಾಚ್ಯುಟಿ ಎಲ್ಲ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಹೊಸ ಗಾಯಕ್ಕೆ ಕಾಗದ ಬರೆಯುವವರು ಹಳೇ ನಂಬರ್ ನಕಲು ಮಾಡಬೇಡಿ, ಈಗಿನ ಸೆಕ್ಷನ್ ನೋಡಿಕೊಂಡು ಬರೆಯಿರಿ. ನಂಬರ್ ಸಿಗದಿದ್ದರೆ ನಂಬರ್ ಇಲ್ಲದೆಯೇ ಆದದ್ದನ್ನು ಆದ ಹಾಗೆ ಬರೆದು ಕಳಿಸಿ, ತಾರೀಖು ಸಮಯ ಸರಿಯಾಗಿರಲಿ.

ಉಳಿದಿರುವುದು ಇನ್ಸೆಂಟಿವ್. ಪ್ರೆಸ್ ಮೇಲಿದ್ದಾಗ ಮಂಜುವಿಗೆ ಪೀಸ್ ಲೆಕ್ಕದಲ್ಲಿ ತಿಂಗಳಿಗೆ ಒಂದಿಷ್ಟು ಜಾಸ್ತಿ ಬರುತ್ತಿತ್ತು. ಚೆಕಿಂಗ್ ಟೇಬಲ್‌ಗೆ ಆ ಲೆಕ್ಕ ಇಲ್ಲ. ಅವನು ಎರಡು ಸಲ ಬರೆದುಕೊಟ್ಟಿದ್ದಾನೆ. ಕಂಪನಿ ಇಲ್ಲ ಅಂದಿಲ್ಲ, ಕೊಟ್ಟೂ ಇಲ್ಲ.